ಸೊನ್ನೆ ಎತ್ತರದ ಸಾಲು

ಪ್ರತಿದಿನ ಬೆಳಿಗ್ಗೆ ಏಳೂವರೆಗೆ ನಸೀಮಾ ನನ್ನನ್ನು ಓದುತ್ತಾಳೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಓದುತ್ತಾಳೆ. ಎದ್ದು ಮುಖ ತೊಳೆದು, ಅಂಗಿಯ ಗುಂಡಿಯಷ್ಟು ದೊಡ್ಡ ಕ್ಲಿಪ್ಪನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಅಡುಗೆಮನೆಯ ಮೇಜಿನ ಮೇಲಿರುವ ಫಲಕವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ. ಅದರ ಮೇಲಿನ ಸಾಲುಗಳನ್ನು ಒಂದೊಂದಾಗಿ ಮುಟ್ಟುತ್ತಾ ಕೆಳಗೆ ಇಳಿಯುತ್ತಾಳೆ. ಇಪ್ಪತ್ತೊಂದನೆಯ ಸಾಲು ನಾನು.

“ಪ್ರಮೀಳಾ ಕುಂದಗೋಳ. ಗೆಳತಿ. ಎರಡು ಸಾವಿರದ ಹದಿಮೂರರಿಂದ ಪರಿಚಯ. ಒಂದೇ ಮನೆಯಲ್ಲಿ ವಾಸ.” ಓದಿ ಮುಗಿಸಿ ತಲೆ ಎತ್ತುತ್ತಾಳೆ. ನನ್ನನ್ನು ನೋಡಿ ಬಹಳ ಮರ್ಯಾದೆಯಿಂದ, “ನಮಸ್ಕಾರ್ರೀ ಅಕ್ಕಾರ. ಚಹಾ ಆತೇನ್ರೀ?” ಅನ್ನುತ್ತಾಳೆ.

ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಇಡೀ ಓಣಿಗೆ ಕೇಳುವ ಹಾಗೆ ‘ಲೇ ಪಮ್ಮೀ’ ಎಂದು ನಲವತ್ತೈದು ವರ್ಷ ಅರಚಿದ ಬಾಯಿ ಇದು. ಈಗ ಬ್ಯಾಂಕಿನ ಮ್ಯಾನೇಜರನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತದೆ. ಸಿಟ್ಟು ಮಾಡಿಕೊಂಡು ಏನು ಪ್ರಯೋಜನ, ರೋಗದ ಮೇಲೆ ಸಿಟ್ಟು ಮಾಡಿದರೆ ರೋಗ ಹೆದರುತ್ತದೆಯೇ? ಚಹಾ ಸೋಸಿ ಅವಳ ಮುಂದಿಡುತ್ತೇನೆ.

ನಾವಿಬ್ಬರೂ ಎಪ್ಪತ್ತನಾಲ್ಕರ ಮುದುಕಿಯರು. ನಸೀಮಾಳ ಗಂಡ ತೀರಿಕೊಂಡು ಹನ್ನೆರಡು ವರ್ಷ, ಮಕ್ಕಳಿಲ್ಲ. ನಾನು ಮದುವೆಯ ಗೊಡವೆಗೇ ಹೋದವಳಲ್ಲ. ಹೀಗಾಗಿ ಹುಬ್ಬಳ್ಳಿಯ ವಿಶ್ವೇಶ್ವರನಗರದ ಈ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದೇವೆ. ಅವಳಿಗೆ ಮರೆವಿನ ರೋಗ ಬರಲಿದೆ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗಿದ್ದು ಹತ್ತು ವರ್ಷದ ಹಿಂದೆ. ಆಗಲೇ ಡಾಕ್ಟರು ಈ ಕ್ಲಿಪ್ಪು, ಈ ಫಲಕ ಕೊಟ್ಟರು. ರೋಗ ಬಲವಾಗಿ ಹಿಡಿದದ್ದು ಮಾತ್ರ ನಾಲ್ಕು ವರ್ಷದಿಂದ.

ಫಲಕ ಕೆಲಸ ಮಾಡುವ ಬಗೆ ಸರಳ. ಮನುಷ್ಯ ಏನನ್ನಾದರೂ ಮನಸ್ಸಿಟ್ಟು ನೆನೆಸಿಕೊಂಡಾಗ ಮಿದುಳಿನ ಕೆಲವು ಸಾವಿರ ಜೀವಕೋಶಗಳು ಒಂದು ಕ್ರಮದಲ್ಲಿ ಮಿಡಿಯುತ್ತವೆ. ಕ್ಲಿಪ್ಪು ಆ ಕ್ರಮವನ್ನು ಬರೆದುಕೊಂಡು, ಸಣ್ಣ ದನಿಯಲ್ಲಿ ‘ಇದೇನು?’ ಎಂದು ಕೇಳುತ್ತದೆ. ನೀವು ಬಾಯಿಬಿಟ್ಟು ಏನು ಹೇಳುತ್ತೀರೋ ಅದೇ ಆ ನೆನಪಿನ ಹೆಸರು. ಫಲಕದ ಪಟ್ಟಿಯಲ್ಲಿ ಆ ಹೆಸರಿನ ಒಂದು ಸಾಲು ಸೇರುತ್ತದೆ. ಮುಂದೆ ಮರೆವು ಕವಿದಾಗ ಆ ಸಾಲನ್ನು ಮುಟ್ಟಿದರೆ ಕ್ಲಿಪ್ಪು ಅದೇ ಕ್ರಮವನ್ನು ಮೆಲ್ಲಗೆ ಮಿಡಿಸುತ್ತದೆ, ಉಳಿದದ್ದನ್ನು ಮಿದುಳೇ ತುಂಬಿಕೊಳ್ಳುತ್ತದೆ. ರೋಗ ವಾಸಿಯಾಗುವುದಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಮುಟ್ಟಬೇಕು.

ಆದರೆ ಇಪ್ಪತ್ತೊಂದನೆಯ ಸಾಲನ್ನು ನಸೀಮಾ ಬರೆಸಿದ್ದು ಡಾಕ್ಟರ ಎದುರು ಕೂತು, ಅರ್ಜಿ ತುಂಬಿಸಿದ ಹಾಗೆ. ಹೀಗಾಗಿ ಮುಟ್ಟಿದಾಗ ಬರುವುದೂ ಅರ್ಜಿಯೇ. ನನ್ನ ಹೆಸರು, ಊರು, ಪರಿಚಯದ ವರ್ಷ ಎಲ್ಲ ಅವಳಿಗೆ ಗೊತ್ತು. ನಾನು ಮಾತ್ರ ಗೊತ್ತಿಲ್ಲ.

ಒಂದು ದಿನ ಚಹಾ ಕುಡಿಯುತ್ತಿರುವಾಗಲೇ ಧಾರವಾಡದ ಸ್ಮೃತಿ ಕೇಂದ್ರದಿಂದ ಪತ್ರ ಬಂತು. ಹಳೆಯ ಫಲಕಗಳನ್ನು ಹನ್ನೊಂದು ದಿನದ ನಂತರ ನಿಲ್ಲಿಸಲಾಗುವುದು, ನಿಮ್ಮವರ ನೆನಪುಗಳನ್ನು ಹೊಸ ಫಲಕಕ್ಕೆ ಸಾಗಿಸಲಾಗುವುದು, ಒಪ್ಪಿಗೆಯ ಸಹಿ ಹಾಕಲು ಖುದ್ದಾಗಿ ಬರಬೇಕು. ನನಗೆ ಖುಷಿಯೇ ಆಯಿತು. ಹೊಸದು ಇನ್ನೂ ಚೆನ್ನಾಗಿರಬಹುದು, ಈ ‘ಅಕ್ಕಾರ’ ಕಾಟ ತಪ್ಪಬಹುದು ಎಂಬ ಆಸೆ. ಪಕ್ಕದ ಮನೆಯ ಗಿರಿಜಾಬಾಯಿಯನ್ನು ನಸೀಮಾಳ ಹತ್ತಿರ ಕೂರಿಸಿ ಧಾರವಾಡದ ಬಸ್ಸು ಹಿಡಿದೆ.

ಕೇಂದ್ರದ ನಿಯಂತ್ರಣ ಕೊಠಡಿ ಎರಡನೇ ಮಹಡಿಯಲ್ಲಿತ್ತು. ಗೋಡೆಯ ತುಂಬ ಪರದೆ, ಪರದೆಯ ತುಂಬ ಐದು ಜಿಲ್ಲೆಯ ಸಾವಿರದ ನೂರ ಇಪ್ಪತ್ತಾರು ಜನರ ಹೆಸರು. ಅಲ್ಲಿನ ಮುಖ್ಯಸ್ಥ ತೋಟಪ್ಪ ಬೆಳವಡಿ, ಐವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಕೂರಿಸಿ ನೀರು ಕೊಟ್ಟು ಹೊಸ ಫಲಕದ ಗುಣಗಾನ ಶುರುಮಾಡಿದ.

“ಹಳೇದರಾಗ ಎಲ್ಲಾ ಕಲಸುಮೇಲೋಗರ ಇತ್ರೀ ಅಮ್ಮಾರ. ಹೊಸಾದರಾಗ ನಾಕು ಖಾನೆ ಅದಾವು. ವ್ಯಕ್ತಿ, ಸ್ಥಳ, ಘಟನೆ, ಕೌಶಲ. ಪ್ರತಿ ನೆನಪೂ ತನ್ನ ಖಾನೇದಾಗ ಬರಾಬರಿ ಕುಂದರತೈತಿ.”

“ಯಾವ ಖಾನೇಕೂ ಸೇರದ್ದು?”

“ಸೇರಸೇ ಸೇರಸ್ತೈತ್ರೀ. ಹೆಸರ ನೋಡಿ ತಾನ ಆರಿಸ್ತೈತಿ.” ಒಪ್ಪಿಗೆ ಪತ್ರ ನನ್ನ ಮುಂದೆ ಸರಿಸಿದ.

ಪೆನ್ನು ಎತ್ತಿಕೊಂಡೆ, ಆದರೆ ಓದದೆ ಸಹಿ ಹಾಕುವ ಪೈಕಿ ನಾನಲ್ಲ. ಪತ್ರದಲ್ಲಿ ಹೀಗಿತ್ತು: ನಸೀಮಾ ಬಾನು ಮುಲ್ಲಾ. ಒಟ್ಟು ಸಾಲು ಸಾವಿರದ ಒಂಬೈನೂರ ಮೂರು. ಸಾಗಿಸುವ ಸಾಲು ನಾನೂರ ಹನ್ನೆರಡು. ಖಾಲಿ ಸಾಲು ಸಾವಿರದ ನಾನೂರ ತೊಂಬತ್ತೊಂದು, ಅಳಿಸಲಾಗುವುದು.

“ಏನ್ರೀ ಇದು? ಅಕಿ ಫಲಕದಾಗ ನಾನೂರಾ ಹನ್ನೆರಡ ಸಾಲ ಕಾಣಸ್ತಾವು. ಉಳದ್ದು ಎಲ್ಲಿಂದ ಬಂದ್ವು?”

“ಅವು ಖಾಲಿ ಇರ್ತಾವ್ರೀ. ಕಸ. ಎಲ್ಲಾರ ಪಟ್ಟಿಯೊಳಗೂ ಅದಾವು. ಹೆಸರಿಲ್ಲ ಅಂದ್ರ ಖಾಲಿ ಅಂತ ಲೆಕ್ಕ.”

“ಖಾಲಿ ಸಾಲು ಕಾಣಬೇಕಲ್ಲಾ? ಯಾಕ ಕಾಣಂಗಿಲ್ಲ?”

ಅವನಿಗೆ ಬೇಸರ ಬಂತು. ಎದ್ದು, ಮೂಲೆಯಲ್ಲಿ ಗಾಜಿನ ಕಪಾಟಿನೊಳಗಿದ್ದ ಒಂದು ಹಳೆಯ ಯಂತ್ರದ ಪರದೆಯನ್ನು ಎಬ್ಬಿಸಿದ. “ಐವತ್ತ ವರ್ಷದ ಹಿಂದಿನ ಕೋಡರೀ. ಯಾರ ಬರದಾರೋ, ಈಗ ಈ ಭಾಷಾ ಓದಾವ್ರೂ ಇಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದು, ಕಡೀಕ ಈ ಫಲಕದಾಗ ಸೇರೈತಿ. ಕೆಲಸ ಮಾಡ್ತೈತಿ ಅಂತ ಯಾರೂ ಮುಟ್ಟಿಲ್ಲ. ನೋಡ್ರಿ ಬೇಕಾರ.”

ಬಗ್ಗಿ ನೋಡಿದೆ. ಸಾಲು ಸಾಲು ಚೌಕ ಕಂಸಗಳು. ಕಂಸದೊಳಗೆ ಕಂಸ, ಅದರೊಳಗೆ ಇನ್ನೊಂದು. ಆಬ್ಜೆಕ್ಟಿವ್ ಸಿ, ನಾನೂ ನಸೀಮಾಳೂ ಹರೆಯದಲ್ಲಿ ಫೋನಿನ ಕೋಡು ಬರೆಯುತ್ತಿದ್ದ ಭಾಷೆ! ಎಷ್ಟು ವರ್ಷವಾಗಿತ್ತು ಆ ಕಂಸಗಳನ್ನು ಕಂಡು. ಆ ಭಾಷೆಯಲ್ಲಿ ಒಂದು ಪದ್ಧತಿ ಇತ್ತು. ನಾವು ಮಾಡಿದ ಪ್ರತಿ ಭಾಗದ ಹೆಸರಿನ ಮುಂದೆ ನಮ್ಮ ಗುರುತಿನ ಎರಡು ಮೂರು ಅಕ್ಷರ ಇಡಬೇಕಿತ್ತು, ಬೇರೆಯವರದ್ದರ ಜೊತೆ ಕಲೆಯಬಾರದು ಎಂದು. ಇಲ್ಲಿ ಪ್ರತಿ ಹೆಸರಿನ ಮುಂದೆಯೂ ‘ಪಿ ಎನ್’ ಎಂದಿತ್ತು.

ಪ್ರಮೀಳಾ, ನಸೀಮಾ. ಆ ಅಕ್ಷರಗಳನ್ನು ಇಟ್ಟವಳು ನಾನೇ.

ಅಯ್ಯೋ ಶಿವನೇ! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಹತ್ತು ವರ್ಷ ನಮ್ಮ ಅಡುಗೆಮನೆಯ ಮೇಜಿನ ಮೇಲೆ ನನ್ನದೇ ಕೆಲಸ ಕೂತಿತ್ತು, ನನಗೆ ಗುರುತು ಸಿಕ್ಕಿರಲಿಲ್ಲ.

ಎರಡು ಸಾವಿರದ ಹದಿನಾಲ್ಕು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ ನಮ್ಮ ಕಂಪನಿ. ಮಾಲೀಕರು ಗಿರಾಕಿಗಳನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದರು, ಒಳಗೆ ನಾವಿಬ್ಬರೇ. ಕೆಳಗೆ ದಿನವಿಡೀ ಚಕ್ರಕ್ಕೆ ಗಾಳಿ ಹೊಡೆಯುವ ಸದ್ದು. ಕರೆಂಟ್ ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ, ಆಮೇಲೆ ಮೂಲೆಯಂಗಡಿಯ ಗಿರ್ಮಿಟ್ಟು, ಮಿರ್ಚಿ. ನಸೀಮಾ ಮಿರ್ಚಿಯ ಬೀಜ ತೆಗೆದು ತಿನ್ನುತ್ತಿದ್ದಳು, ನಾನು ಅವಳು ತೆಗೆದಿಟ್ಟ ಬೀಜವನ್ನೂ ತಿನ್ನುತ್ತಿದ್ದೆ. ಇಪ್ಪತ್ತೈದರ ವಯಸ್ಸು, ಕಲ್ಲು ತಿಂದರೂ ಕರಗುತ್ತಿತ್ತು. ಅಂಥ ದಿನ ಮತ್ತೆ ಬರಲಿಲ್ಲ, ಬರುವುದೂ ಇಲ್ಲ.

ಫೋನಿನ ಪರದೆಯಲ್ಲಿ ಪಟ್ಟಿ ತೋರಿಸುವುದು ನಮ್ಮ ಹೊಟ್ಟೆಪಾಡು. ಖಾನಾವಳಿಗೆ ಊಟದ ಪಟ್ಟಿ, ಗ್ಯಾರೇಜಿಗೆ ಬಿಡಿಭಾಗದ ಪಟ್ಟಿ, ಗ್ರಂಥಾಲಯಕ್ಕೆ ಪುಸ್ತಕದ ಪಟ್ಟಿ. ಸಾಲುಗಳನ್ನು ಒಂದರ ಕೆಳಗೊಂದು ಕೂರಿಸುವ, ಬೆರಳಿನಿಂದ ಸರಿಸಿದರೆ ಸರಿಯುವ, ಮುಟ್ಟಿದರೆ ಯಾವುದನ್ನು ಮುಟ್ಟಿದರು ಎಂದು ಹೇಳುವ ಭಾಗಕ್ಕೆ ನಿಯಂತ್ರಕ ಎನ್ನುತ್ತಿದ್ದೆವು. ಊಟಕ್ಕೊಂದು, ಬಿಡಿಭಾಗಕ್ಕೊಂದು, ಪುಸ್ತಕಕ್ಕೊಂದು ಎಂದು ಪ್ರತಿ ಸಲ ಅದನ್ನೇ ಹೊಸದಾಗಿ ಬರೆದು ಬರೆದು ನನಗೆ ತಲೆ ಕೆಟ್ಟುಹೋಯಿತು. ಎಲ್ಲದಕ್ಕೂ ಸಲ್ಲುವ ಒಂದೇ ನಿಯಂತ್ರಕ ಬರೆಯುತ್ತೇನೆಂದು ಹಟ ಹಿಡಿದೆ.

ಆ ಭಾಷೆ ಅದಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ‘ಐಡಿ’ ಎಂಬ ಎರಡಕ್ಷರದ ಮಾತಿತ್ತು. ಇದು ಏನೋ ಒಂದು, ಏನೆಂದು ಕೇಳಬೇಡ ಎಂದು ಅದರರ್ಥ. ನನ್ನ ನಿಯಂತ್ರಕ ಬಂದವರನ್ನು ನೀನು ಯಾವ ಜಾತಿ ಎಂದು ಕೇಳುತ್ತಲೇ ಇರಲಿಲ್ಲ. ನಿನ್ನ ಹೆಸರು ಹೇಳಲು ಬರುತ್ತದೆಯೇ, ಎಂದಷ್ಟೇ ಕೇಳುತ್ತಿತ್ತು. ಬರುತ್ತದೆ ಎಂದರೆ ಒಂದು ಸಾಲು ಅದಕ್ಕೆ. ಊಟವೋ ಪುಸ್ತಕವೋ ಬ್ರೇಕಿನ ತಂತಿಯೋ, ಯಾರು ಬೇಕಾದರೂ ಬಂದು ಕೂರಬಹುದು.

ನಸೀಮಾಗೆ ಇದು ಸೇರಲಿಲ್ಲ. ಅವಳದು ಪಕ್ಕಾ ಕೆಲಸ. “ಪಮ್ಮೀ, ಈ ಪಟ್ಟಿಯೊಳಗ ಇಂಥಾದ್ದ ಬರತೈತಿ ಅಂತ ಮದ್ಲ ಬರದಿಡಬೇಕಲೇ. ಇಲ್ಲಾಂದ್ರ ಒಂದಿನಾ ಯಾವುದರ ಹೊಕ್ಕೊಂಡು ಮನಿ ಹಾಳ ಮಾಡ್ತೈತಿ.” ಮರುವರ್ಷ ಆ ಭಾಷೆಗೆ ಅಂಥದ್ದೊಂದು ಸೌಕರ್ಯ ಬಂತು, ಪಟ್ಟಿಯ ಪಕ್ಕದಲ್ಲಿ ಅದರ ಜಾತಿ ಬರೆದಿಡಬಹುದಾಗಿತ್ತು. ಅವತ್ತು ನಸೀಮಾ ಕೆಳಗಿನ ಇಡೀ ಸೈಕಲ್ ಅಂಗಡಿಗೆ ಮಿರ್ಚಿ ಹಂಚಿದಳು. ಬರೆಯುವಾಗ ಮಾತ್ರ ಆ ಎಚ್ಚರಿಕೆ, ಓಡುವಾಗ ಅದು ಇರುವುದೇ ಇಲ್ಲ ಎಂದು ಗೊತ್ತಾದಾಗ ನಾನು ಬಿದ್ದು ಬಿದ್ದು ನಕ್ಕೆ. ಎರಡು ದಿನ ಮಾತು ಬಿಟ್ಟಿದ್ದಳು.

ಆದರೆ ಅದಕ್ಕೂ ಮುಂಚೆ ಖಾನಾವಳಿಯ ಶಿವಪುತ್ರಪ್ಪ ಬಂದಿದ್ದ. ಅವನ ಹುಡುಗರು ಊಟದ ಹೆಸರು ತುಂಬುವಾಗ ಅರ್ಧ ಬಿಟ್ಟಿದ್ದರು. ಹೆಸರು ಕೇಳಿದರೆ ಉತ್ತರವಿಲ್ಲ. ಆ ಭಾಷೆಯಲ್ಲಿ ಇಲ್ಲದ್ದನ್ನು ಮಾತಾಡಿಸಿದರೂ ಜಗಳವಿಲ್ಲ, ಸುಮ್ಮನೆ ಖಾಲಿ ಉತ್ತರ ಬರುತ್ತದೆ. ಪಟ್ಟಿಯ ನಡುನಡುವೆ ಖಾಲಿ ಸಾಲು ಬಿದ್ದಿದ್ದವು. “ಇದೇನ್ರಿ ಬಾಯಾರ, ಮುದುಕನ ಹಲ್ಲ ಬಿದ್ದಂಗ ಕಾಣ್ತೈತಿ,” ಎಂದ. ನಾನು ಒಂದು ಸಾಲು ಬರೆದೆ. ಹೆಸರಿಲ್ಲದಿದ್ದರೆ ಎತ್ತರ ಸೊನ್ನೆ. ಆ ವಸ್ತು ಪಟ್ಟಿಯಲ್ಲಿರುತ್ತದೆ, ಆದರೆ ಅದರ ಸಾಲಿಗೆ ಎತ್ತರವಿಲ್ಲ, ಕಣ್ಣಿಗೂ ಕಾಣದು, ಬೆರಳಿಗೂ ಸಿಗದು. ಪಟ್ಟಿ ಅಂದವಾಯಿತು, ಶಿವಪುತ್ರಪ್ಪ ಹೋಳಿಗೆ ಕಳಿಸಿಕೊಟ್ಟ.

ನಸೀಮಾ ಮಾತ್ರ ಹೋಳಿಗೆ ಮುಟ್ಟಲಿಲ್ಲ. “ಹೆಸರಿಲ್ಲದ್ದು ಬಂತಂದ್ರ ಅದು ಕೂಗಬೇಕಲೇ, ನಾವು ಮುಚ್ಚಿಡಬಾರದು. ಒಳಗ ಏನೈತಿ ಅಂತ ನಿನಗೇನ ಗೊತ್ತು?”

“ಊಟದ ಪಟ್ಟಿಯೊಳಗ ಏನ ಇರತೈತಲೇ? ಉಂಡ ಸುಮ್ನ ಮಲ್ಕೊ,” ಎಂದಿದ್ದೆ ನಾನು.

ಐವತ್ತು ವರ್ಷದ ಮೇಲೆ ಅದೇ ಸಾಲು ನನ್ನ ಮುಂದಿತ್ತು. ಒಂದಕ್ಷರ ಬದಲಾಗಿರಲಿಲ್ಲ. ಕ್ಲಿಪ್ಪು ‘ಇದೇನು?’ ಎಂದು ಕೇಳಿದಾಗಲೆಲ್ಲ ಬಾಯಿಬಿಟ್ಟು ಹೇಳಲಾಗದೆ ಸುಮ್ಮನಿದ್ದ, ನಕ್ಕ, ಬಿಕ್ಕಿದ ಎಷ್ಟು ಗಳಿಗೆ ಇದ್ದವೋ, ಅವೆಲ್ಲಕ್ಕೂ ಹೆಸರಿಲ್ಲ. ಅವೆಲ್ಲವನ್ನೂ ನಾನು ನನ್ನ ಕೈಯಾರೆ ಮುಚ್ಚಿಟ್ಟಿದ್ದೆ. ನಾಲ್ಕು ವರ್ಷದಿಂದ ನಸೀಮಾ ನನ್ನನ್ನು ಅಕ್ಕಾರ ಎನ್ನುತ್ತಿದ್ದರೆ ಅದು ಬರೀ ರೋಗದ ತಪ್ಪಲ್ಲ. ಮಾಡಿದ್ದುಣ್ಣೋ ಮಹಾರಾಯ. ಆದರೆ ಮಾಡಿದವಳು ನಾನು, ಉಂಡವಳು ಅವಳು.

“ತೋಟಪ್ಪಾವರ, ಇದರಾಗಿಂದು ಒಂದು ತಗೀರಿ. ಯಾವುದರ ಒಂದು. ಆರನೂರನೇದು ತಗೀರಿ.”

“ಖಾಲಿ ಅಂತ ಹೇಳಿದ್ನಲ್ಲರೀ...”

“ತಗೀರಿ ಅಂದೆ!” ಕೊಠಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ತೆಗೆದ. ಪರದೆಯ ಮೇಲೆ ಮಿಡಿತದ ಗೆರೆಗಳು ಈ ತುದಿಯಿಂದ ಆ ತುದಿಯವರೆಗೆ ಒತ್ತೊತ್ತಾಗಿ ತುಂಬಿಕೊಂಡವು. ಹೆಸರಿದ್ದ ಸಾಲುಗಳಲ್ಲೂ ಅಷ್ಟು ದಟ್ಟವಾದದ್ದು ಇರಲಿಕ್ಕಿಲ್ಲ. ತೋಟಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. ಇನ್ನೊಂದು ತೆಗೆದ, ಮತ್ತೊಂದು ತೆಗೆದ. ಎಲ್ಲವೂ ತುಂಬಿದ್ದವು.

“ಇದನ್ನ ಖಾಲಿ ಅಂತೀರೇನ್ರಿ?” ಎಂದೆ. “ಇದನ್ನ ಬರದಾಕಿ ನಾನ. ಒಂದ ಸಾಲ ತಿದ್ದಿದ್ರ ಎಲ್ಲಾ ಕಾಣಸ್ತಾವು. ಆ ಯಂತ್ರದ ಮುಂದ ಮೂರ ತಾಸ ಕುಂದರಾಕ ಬಿಡ್ರಿ ನನ್ನ.”

“ಆಗಂಗಿಲ್ರೀ ಅಮ್ಮಾರ. ನಿಲ್ಲಸೂ ಮುಂದ ಹದಿನೈದ ದಿನ ಯಾರೂ ಏನೂ ತಿದ್ದಂಗಿಲ್ಲ ಅಂತ ನಿಯಮ ಐತಿ. ಏನರ ಹೆಚ್ಚುಕಡಿಮಿ ಆದ್ರ ಸಾವಿರ ಮಂದಿ ಫಲಕಾ ಬಂದ್ ಬೀಳತಾವು. ನನ್ನ ಕುತ್ತಿಗಿಗೆ ಬರತೈತಿ.”

ಬೇಡಿದೆ, ಬೈದೆ, ಮತ್ತೆ ಬೇಡಿದೆ. ಅವನು ನನ್ನ ಕಡೆ ಬೆನ್ನು ಮಾಡಿ ಪರದೆಯಲ್ಲಿ ಬೇರೊಂದು ಪಟ್ಟಿ ತೆರೆದು ನೋಡುತ್ತಾ ನಿಂತ. ಒಟ್ಟು ಎಂಟುನೂರ ಎಂಟು, ಸಾಗಿಸುವುದು ತೊಂಬತ್ತಾರು.

“ಯಾರದ್ರೀ ಅದು?” ಎಂದು ಕೇಳಿದೆ.

“ಅವ್ವಂದು,” ಎಂದ. ಕಿಸೆಯಿಂದ ಗಾಜಿನ ಕಪಾಟಿನ ಕೀಲಿ ತೆಗೆದು ನನ್ನ ಕೈಗೆ ಕೊಟ್ಟ.

ಕೀಲಿಮಣೆಯ ಮುಂದೆ ಕೂತೆ. ಎಲ್ಲಿ ಏನಿತ್ತು ಎಂಬುದು ತಲೆಗೆ ಹೊಳೆಯಲೇ ಇಲ್ಲ. ಆಮೇಲೆ ಬೆರಳು ತಾವಾಗಿಯೇ ಚೌಕ ಕಂಸದ ಗುಂಡಿ ಹುಡುಕಿಕೊಂಡವು. ತೆರೆದ ಕಂಸ, ಮುಚ್ಚಿದ ಕಂಸ, ಕೊನೆಗೆ ಅರ್ಧವಿರಾಮ. ಎಷ್ಟೋ ವರ್ಷದ ಮೇಲೆ ತವರಿನ ಅಡುಗೆಮನೆಗೆ ಹೋದರೂ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೈಗೆ ಗೊತ್ತಿರುತ್ತದೆ, ಹಾಗೆ. ಸೊನ್ನೆಯನ್ನು ಅಳಿಸಿ ನಲವತ್ನಾಲ್ಕು ಎಂದು ಬರೆದೆ. ಆ ಕಾಲದಲ್ಲಿ ಒಂದು ಸಾಲಿನ ಎತ್ತರ ನಲವತ್ನಾಲ್ಕು, ಬೆರಳ ತುದಿಗೆ ಅಷ್ಟು ಜಾಗ ಬೇಕು ಎಂದು ಲೆಕ್ಕ. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದೆವು.

ತಿದ್ದುವುದಕ್ಕೆ ಎರಡು ನಿಮಿಷ, ಬೇರೇನೂ ಕೆಟ್ಟಿಲ್ಲವೆಂದು ನೋಡುವುದಕ್ಕೆ ಮೂರು ತಾಸು. ತೋಟಪ್ಪ ಉಗುರು ಕಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದ. ಮಧ್ಯಾಹ್ನ ಎರಡಕ್ಕೆ ಐದು ಜಿಲ್ಲೆಯ ಫಲಕಗಳಿಗೂ ಹೊಸದನ್ನು ಕಳಿಸಿದೆವು. ಒಂದೂ ನಿಲ್ಲಲಿಲ್ಲ.

“ಆದ್ರ ಒಂದ ಮಾತ್ರೀ,” ಎಂದ ತೋಟಪ್ಪ. “ಹೆಸರಿಲ್ಲದ್ದನ್ನ ಹೊಸಾ ಫಲಕ ತಗೊಳ್ಳಂಗಿಲ್ಲ. ಅದನ್ನ ತಿದ್ದೂದು ನನ್ನ ಕೈಯಾಗಿಲ್ಲ. ಹನ್ನೊಂದ ದಿನದಾಗ ಅವರವರ ಮುಟ್ಟಿ, ಏನರ ಒಂದ ಹೆಸರ ಹೇಳಬೇಕು. ಹೇಳಿದ್ದಷ್ಟ ಉಳೀತಾವು.”

ಮನೆಗೆ ಬಂದಾಗ ನಸೀಮಾ ಫಲಕ ಹಿಡಿದು ಗಾಬರಿಯಲ್ಲಿ ಕೂತಿದ್ದಳು. “ಅಕ್ಕಾರ, ಇದು ಕೆಟ್ಟೈತ್ರೀ. ಎಲ್ಲಾ ಖಾಲಿ ಖಾಲಿ ಅದಾವು.”

“ಖಾಲಿ ಇಲ್ಲ ನಸೀಮಾ. ನಾನ ಮುಚ್ಚಿಟ್ಟಿದ್ದೆ. ತಪ್ಪಾತು.” ನನಗೆ ಅಳು ಬಂತು. ಏನು ಮುಚ್ಚಿಟ್ಟೆ, ಯಾವ ತಪ್ಪು ಎಂದು ಅವಳಿಗೆ ತಿಳಿಯಲಿಲ್ಲ. ಪಾಪ, ಯಾರೋ ಅಳುತ್ತಿದ್ದಾರೆ ಎಂದು ಸೆರಗಿನ ತುದಿ ನನ್ನ ಕಡೆ ಚಾಚಿದಳು. ನಾನು ಅವಳ ಬೆರಳು ಹಿಡಿದು ಮೊದಲ ಖಾಲಿ ಸಾಲಿನ ಮೇಲಿಟ್ಟೆ.

ಆಮೇಲೆ ಅವಳ ಮೂಗು ಅರಳಿತು. “ಸೈಕಲ್ ಟ್ಯೂಬ್ ಸುಟ್ಟ ವಾಸನಿ,” ಎಂದಳು. ಫಲಕದ ಹಸಿರು ದೀಪ ಹೊತ್ತಿ ಅದನ್ನೇ ಹೆಸರಾಗಿ ಬರೆದುಕೊಂಡಿತು. ಎರಡನೆಯದನ್ನು ಮುಟ್ಟಿ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಹೆಸರು ಹೇಳೇ ಮಾರಾಯ್ತಿ ಎಂದು ಗೋಗರೆದರೂ ನಗು ನಿಲ್ಲದು. ಕೊನೆಗೆ “ನಗಿ” ಎಂದಷ್ಟೇ ಹೇಳಿದಳು.

ಆ ಹನ್ನೊಂದು ದಿನ ನಮ್ಮ ಮನೆಯಲ್ಲಿ ಅಡುಗೆ ನೆಟ್ಟಗಾಗಲಿಲ್ಲ. ದಿನಕ್ಕೆ ನೂರ ನಲವತ್ತು ಸಾಲು ಮುಟ್ಟಿದರೆ ಮಾತ್ರ ಮುಗಿಯುತ್ತಿತ್ತು. ಗಿರಿಜಾಬಾಯಿ ರೊಟ್ಟಿ ತಂದುಕೊಡುತ್ತಿದ್ದಳು, ನಾವು ಸಾಲು ಮುಟ್ಟುತ್ತಿದ್ದೆವು. ತೋಟಪ್ಪ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಗದಗಿನಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮನ್ ಬರೀ ನಾಯಿಗಳನ್ನು ನೆನಪಿಸಿಕೊಳ್ಳುತ್ತಿದ್ದಾನಂತೆ, ಯಾವ ಮನೆಯ ನಾಯಿ ಎಂದೂ ಹೇಳುತ್ತಾನಂತೆ. ಬಾಗಲಕೋಟೆಯ ಒಂದು ಮನೆಯವರು ಸಿಟ್ಟಾಗಿ ಬೈದರಂತೆ, ಸತ್ತ ಮಗನ ದುಃಖವನ್ನು ಮುದುಕಿ ಮರೆತು ಹಾಯಾಗಿದ್ದಳು, ಯಾಕೆ ಕೆದಕಿದಿರಿ ಎಂದು. ಅವರ ಮಾತೂ ಸುಳ್ಳಲ್ಲ. ತೋಟಪ್ಪನ ತಾಯಿಯ ವಿಷಯ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದು ದಿನ ಮಾತ್ರ, “ಅವ್ವ ಇವತ್ತ ನನಗ ಹೊಡದಳ್ರೀ, ಶಾಲಿ ತಪ್ಪಿಸೀ ಅಂತ,” ಎಂದು ಹೇಳಿ ಬಹಳ ಖುಷಿಯಿಂದ ನಕ್ಕ.

ನಮ್ಮ ಮನೆಯಲ್ಲೂ ಎಲ್ಲ ನಗುವಿನದೇ ಇರಲಿಲ್ಲ. ಐದನೆಯ ದಿನ ಒಂದು ಸಾಲು ಮುಟ್ಟಿ ನಸೀಮಾ ಕೂತಲ್ಲೇ ಬಗ್ಗಿದಳು. ಗಂಡನ ಕೊನೆಯ ದಿನದ ಆಸ್ಪತ್ರೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅತ್ತಳು, ನಾನು ಬೆನ್ನು ಸವರುತ್ತಾ ಕೂತೆ. ನನ್ನ ಆಸೆಗೆ ಇವಳನ್ನು ಗೋಳಾಡಿಸುತ್ತಿದ್ದೇನೆಯೇ ಎಂದು ಮನಸ್ಸು ಕಚ್ಚಿತು. “ಬ್ಯಾಡ ಬಿಡು, ಇದಕ್ಕ ಹೆಸರ ಇಡೂದು ಬ್ಯಾಡ. ಹೋಗಲಿ,” ಎಂದೆ.

ನಸೀಮಾ ಮೂಗು ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದಳು. “ಯಾಕ ಹೋಗಬೇಕು? ನಂದೈತಿ ಅದು.” ಫಲಕದ ಕಡೆ ಬಗ್ಗಿ ಗಂಡನ ಪೂರ್ತಿ ಹೆಸರು, ವಾರ್ಡಿನ ನಂಬರು, ಕಿಟಕಿಯ ಪಕ್ಕದ ಹಾಸಿಗೆ ಎಂಬುದನ್ನೂ ಬಿಡದೆ ಹೇಳಿದಳು. ನಾನು ಏನಾದರೂ ಒಂದು ಹೇಳಿ ಮುಗಿಸು ಎಂದು ಅವಸರ ಮಾಡಿದರೆ ಅವಳು ಒಪ್ಪುತ್ತಿರಲಿಲ್ಲ. ಬರಾಬರಿ ಹೆಸರು ಸಿಗುವವರೆಗೆ ಮುಂದಿನ ಸಾಲಿಲ್ಲ. ಆ ಹಳೇ ಪಕ್ಕಾತನ ಯಾವ ಸಾಲಿನಿಂದ ವಾಪಸು ಬಂತೋ ಗೊತ್ತಿಲ್ಲ, ನನಗೆ ಅದನ್ನು ನೋಡಿಯೇ ಅರ್ಧ ಜೀವ ಬಂತು. ಸಮಯ ಮಾತ್ರ ಓಡುತ್ತಿತ್ತು. ಹತ್ತನೆಯ ದಿನ ಸಂಜೆಗೆ ಇನ್ನೂ ಇನ್ನೂರ ಮೂವತ್ತು ಉಳಿದಿದ್ದವು. ಎಲ್ಲ ಮುಗಿಯುವುದಿಲ್ಲ ಎಂದು ಗೊತ್ತಾಗಿತ್ತು.

ಕೊನೆಯ ದಿನ. ಸಂಜೆ ಆರಕ್ಕೆ ಹಳೆಯ ಫಲಕ ನಿಲ್ಲುತ್ತದೆ. ಬೆಳಿಗ್ಗೆಯಿಂದ ಬೇಗ ಬೇಗ ಎಂದು ನಾನು ಬೊಬ್ಬೆ ಹೊಡೆಯುತ್ತಲೇ ಇದ್ದೆ. ಐದೂವರೆ ಹೊತ್ತಿಗೆ ಅವಳು ಒಂದು ಸಾಲನ್ನು ಮುಟ್ಟಿದಳು. ಬೆರಳು ತೆಗೆಯಲಿಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿದಳು.

“ಇದರಾಗ ನೀ ಅಳಾಕತ್ತೀಯಲ್ಲ,” ಎಂದಳು. “ಮೆಟ್ಟಲಾ ಮ್ಯಾಲ ಕುಂತು. ಕೈಯಾಗ ಒಂದ ಕಾಗದ ಹಿಡಕೊಂಡಿ. ಯಾಕ ಅಂತ ನೆನಪೈತೇನ ನಿನಗ?”

ನಾನು ನೆನಪಿಸಿಕೊಳ್ಳಲು ನೋಡಿದೆ. ಯಾವ ಮೆಟ್ಟಿಲು, ಯಾವ ಕಾಗದ? ಮನಸ್ಸಿನ ಮೂಲೆ ಮೂಲೆ ಹುಡುಕಿದೆ. ಏನೂ ಇರಲಿಲ್ಲ. ನನಗೆ ಯಾವ ರೋಗವೂ ಇಲ್ಲ, ಸುಮ್ಮನೆ ಬದುಕುತ್ತಾ ಬದುಕುತ್ತಾ ಕಳೆದುಕೊಂಡಿದ್ದೆ.

“ನಂಗ ನೆನಪಿಲ್ಲ ನಸೀಮಾ,” ಎಂದೆ.

“ಖರೇನ?”

“ಖರೇನ. ಒಂದೀಟೂ ನೆನಪಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ನಾಲ್ಕು ವರ್ಷ ದಿನಾ ಬೆಳಿಗ್ಗೆ ನಾನು ಅವಳನ್ನು ನೋಡುತ್ತಿದ್ದ ನೋಟವೇ ಅದು. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

“ಇರಲಿ ತಗೋ. ನಂಗ ಐತಿ, ನಾ ಹೇಳ್ತೀನಿ. ಅವತ್ತ ನೀ ಕೆಲಸ ಬಿಡಾಕ ನಿಂತಿದ್ದಿ. ನಿಮ್ಮಪ್ಪ ಬೈದಿದ್ದ, ಈ ಹುಚ್ಚ ಕೆಲಸ ಸಾಕು, ಮನಿಗೆ ಬಾ ಅಂತ. ರಾಜೀನಾಮೆ ಬರಕೊಂಡ ಬಂದಿದ್ದಿ. ಮ್ಯಾಲ ಬರಾಕ ಧೈರ್ಯ ಸಾಲದ ಮೆಟ್ಟಲಾ ಮ್ಯಾಲ ಕುಂತಿದ್ದಿ. ನಾ ಮ್ಯಾಲಿಂದ ಇಳದ ಬಂದೆ...”

ಗಡಿಯಾರ ಐದೂ ಮುಕ್ಕಾಲು ತೋರಿಸುತ್ತಿತ್ತು. ಇನ್ನೂ ಐವತ್ತೊಂಬತ್ತು ಸಾಲು ಉಳಿದಿದ್ದವು. ಫಲಕದ ಹಸಿರು ದೀಪ ಉರಿಯುತ್ತಾ ಅವಳು ಹೇಳುವುದನ್ನೆಲ್ಲ ಆ ಒಂದೇ ಸಾಲಿನ ಹೆಸರಾಗಿ ಬರೆದುಕೊಳ್ಳುತ್ತಾ ಹೋಗುತ್ತಿತ್ತು. ಅವಸರ ಮಾಡು ಎನ್ನಲು ಬಾಯಿ ತೆರೆದೆ, ಉಳಿದ ಸಾಲು ಹೋದರೆ ಹೋಗಲಿ ಎನಿಸಿತು.

“ಮುಂದ?” ಎಂದು ಕೇಳಿದೆ.